ಜೀಪಿನ ಟಾಪು ಕಿರುಗುಟ್ಟಿದರೆ

ಬಸ್ಸು ಹತ್ತದ ಏರನ್ನು ಜೀಪು ಹತ್ತುತ್ತದೆಂಬುದು ಕಾಸರಗೋಡಿನ ಗುಡ್ಡದೂರುಗಳವರಿಗೆ ಹೇಳಬೇಕಾದ ಮಾತಲ್ಲ. ಮಹೀಂದ್ರದವರು ನಮ್ಮ ದೇಶದಲ್ಲಿ ಜೀಪು ಜೋಡಿಸತೊಡಗಿದಾಗ ಅದಕ್ಕಿದ್ದುದು ಬಟ್ಟೆಯ ಹೊದಿಕೆ. ಆಮೇಲೆ ಫೈಬರಿನ ಗಟ್ಟಿ ಟಾಪು ಬಂತು. ಮಳೆಗಾಲಕ್ಕೆ ಕೂರಿಸಿ ಬೇಸಗೆಗೆ ಬಿಚ್ಚಿಡುವವರೂ ಇದ್ದಾರೆ. ಇಂತಹ ಟಾಪಿನ ಮೇಲಿರುವ ದೂರು ಒಂದೇ: ಕಿರ್ರ್ ಕಿರ್ರ್ ಶಬ್ದ.

ಬಾಡಿ ಕಬ್ಬಿಣ, ಟಾಪು ಫೈಬರು, ನಡುವೆ ರಬ್ಬರ್ ಪಟ್ಟಿ. ಒಂದು ಚಕ್ರ ಹೊಂಡಕ್ಕಿಳಿದಾಗ ಬಾಡಿ ತುಸು ತಿರುಚುತ್ತದೆ, ಟಾಪು ಅದೇ ಅಳತೆಯಲ್ಲಿ ತಿರುಚುವುದಿಲ್ಲ. ಒಣಗಿದ ರಬ್ಬರು ಹಿಡಿಯುತ್ತದೆ, ಜಾರುತ್ತದೆ, ಪುನಃ ಹಿಡಿಯುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ, ಕೇಳಲು ಮಾತ್ರ ಅಷ್ಟು ಹಿತವಲ್ಲ.

ಆದರೆ ಕಿರುಗುಟ್ಟುವುದು ಬೇರೆ, ಕಟಕಟ ಬಡಿಯುವುದು ಬೇರೆ. ಮೊದಲನೆಯದು ಹೆಚ್ಚಾಗಿ ರಬ್ಬರಿನದು, ಎರಡನೆಯದು ಬೋಲ್ಟಿನದು. ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಹೆಸರುಂಟು. ಗ್ಯಾರೇಜಿಗೆ ಹೋದರೆ ನನ್ನ ಮಲಯಾಳಕ್ಕೆ ಎಲ್ಲವೂ ಬರೇ 'ಶಬ್ದಂ'. ಸಂಕೋಚಪಡದೆ ಬಾಯಿಯಿಂದಲೇ ಮಾಡಿ ತೋರಿಸಿ, ಮೇಸ್ತ್ರಿಗೆ ಕೂಡಲೇ ತಿಳಿಯುತ್ತದೆ.

ಬಡಿತವನ್ನು ಹಗುರವಾಗಿ ಕಾಣಬೇಡಿ. ಬೋಲ್ಟು ಸಡಿಲವಾಗಿದೆ, ಇಲ್ಲವೇ ಅದರ ತೂತಿನ ಸುತ್ತ ಫೈಬರು ಬಿರುಕು ಬಿಡುತ್ತಿದೆ ಎಂದು ಅದರ ಅರ್ಥವಿರಬಹುದು. ಹಿಂದೆ ಶಾಲೆಯ ಮಕ್ಕಳು ಕೂತಿರುತ್ತಾರೆ. ರೇಡಿಯೋ ಜೋರು ಮಾಡಿ ಆ ಶಬ್ದವನ್ನು ಮುಚ್ಚಬೇಡಿ. ರೇಡಿಯೋದಲ್ಲೇ ಕೂತು ಹೀಗೆ ಹೇಳಿದನೆಂದು ನಿಲಯದವರು ಮುನಿಯದಿರಲಿ.

ಒಬ್ಬರು ನಿಧಾನವಾಗಿ ಓಡಿಸಲಿ. ಇನ್ನೊಬ್ಬರು ಹಿಂದೆ ಕೂತು ಒಂದೊಂದು ಮೂಲೆಯನ್ನು ಅಂಗೈಯಿಂದ ಒತ್ತಲಿ. ಎಲ್ಲಿ ಒತ್ತಿದಾಗ ಶಬ್ದ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿ. ಒಮ್ಮೆಗೆ ಒಂದನ್ನೇ ಸರಿಮಾಡಿ, ಓಡಿಸಿ ನೋಡಿ. ಲೆಕ್ಕದಲ್ಲಿ ಐದು ರೂಪಾಯಿ ತಾಳೆಯಾಗದಿದ್ದರೆ ಬ್ಯಾಂಕಿನಲ್ಲಿ ನಾವು ಹುಡುಕುತ್ತಿದ್ದುದೂ ಹೀಗೆಯೇ.

ಪಟ್ಟಿಯಲ್ಲಿ ನಮ್ಮ ಕೆಂಪು ಧೂಳು ಕೂತಿರುತ್ತದೆ. ಸಾಬೂನಿನ ನೀರಿನಲ್ಲಿ ಒರಸಿ, ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ಬಟ್ಟೆಯಿಂದ ತೆಳ್ಳಗೆ ಸವರಿ. ಎಂಜಿನ್ ಎಣ್ಣೆ, ಚಕ್ರದ ಗ್ರೀಸು ಬೇಡವೇ ಬೇಡ. ಎಣ್ಣೆ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುವುದು ರಬ್ಬರ್ ಬೆಳೆಯುವ ಊರಿನವರಿಗೆ ಗೊತ್ತು. ಕಾರ್ಖಾನೆಯ ಪಟ್ಟಿಯ ಪಾಡೂ ಬೇರೆಯಲ್ಲ. ಬೆರಳಿನಿಂದ ಒತ್ತಿ ಬಿಟ್ಟಾಗ ಪಟ್ಟಿ ಮೇಲೇಳದಿದ್ದರೆ ಹೊಸದನ್ನೇ ಹಾಕಿಸಿ.

ಬೋಲ್ಟು ಬಿಗಿಯುವಾಗ ಜೀಪು ಸಮನೆಲದಲ್ಲಿರಲಿ. ಎಲ್ಲವನ್ನೂ ಕೈಯಿಂದ ತಿರುಗಿಸಿ ಕೂರಿಸಿದ ಮೇಲೆ, ಈ ಮೂಲೆ, ಅದರ ಎದುರಿನ ಮೂಲೆ ಎಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಲ ಹೆಚ್ಚಾದರೆ ಫೈಬರು ಸೀಳುತ್ತದೆ. ಬೋಲ್ಟಿನಡಿ ಅಗಲವಾದ ವಾಷರ್ ಇರಲಿ. ಹತ್ತಾರು ಮೈಲು ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ.

ಬೇಸಗೆಯಲ್ಲಿ ಟಾಪು ಬಿಚ್ಚಿದ ದಿನ ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಸಂಖ್ಯೆಯನ್ನು ಮುಚ್ಚಳದ ಮೇಲೆ ಬರೆದಿಡಿ. ಟಾಪನ್ನು ನೆರಳಿನಲ್ಲಿ, ಭಾರವೆಲ್ಲ ರಬ್ಬರ್ ಪಟ್ಟಿಯ ಮೇಲೆ ಬೀಳದಂತೆ ಇಡಿ.