ಕೋಲ್ ಬೀದಿಯ ‘ಸ್ಟಡಿ’
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಆರಿಸಿಕೊಂಡ ವಿಷಯ ಒಂದು ಬಾರು ಎಂದರೆ ತಾವು ನಗಬಹುದು. ಕುಡಿತದ ಪರವಾಗಿ ವಾದಿಸಲು ನಾನು ಎದ್ದು ನಿಂತಿಲ್ಲ. ದಿನವಿಡೀ ಪರರ ನಡುವೆ ಬಾಯಿ ಬಿಗಿಹಿಡಿದು ದುಡಿದವರಿಗೆ, ಸಂಜೆ ಹೋಗಿ ತಮ್ಮ ಮಾತು ಆಡಲು ಒಂದು ಜಾಗ ಬೇಕೆಂಬುದನ್ನು ಈ ಸಂಘದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಒಂದು ಜಾಗದ ಸಂಗತಿ ಇದು.

ಅಮೇರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕೋಲ್ ಬೀದಿಯಲ್ಲಿ 1966ರಲ್ಲಿ ರಿಕ್ಕಿ ಸ್ಟ್ರೈಕರ್ ಎಂಬ ಮಹಿಳೆ ಈ ಬಾರನ್ನು ತೆರೆದರು. ಹೆಂಗಸರನ್ನೇ ಪ್ರೀತಿಸುವ ಹೆಂಗಸರು, ಅಂದರೆ ಲೆಸ್ಬಿಯನ್ ಎಂದು ಕರೆಯಲ್ಪಡುವವರು, ಅಲ್ಲಿ ಸೇರುತ್ತಿದ್ದರು. ಹೆಸರು ‘ಮಾಡ್ಸ್ ಸ್ಟಡಿ’. ಸ್ಟಡಿ ಎಂದರೆ ಓದುವ ಕೋಣೆ! ವಾಚನಾಲಯದವರಾದ ನಾವು ಇದಕ್ಕೆ ಸಂತೋಷಪಡಬಹುದು. ಜನರ ಬಾಯಲ್ಲಿ ಮಾತ್ರ ಅದು ಬರಿಯ ‘ಮಾಡ್ಸ್’ ಆಗಿ ಉಳಿಯಿತು.

ಅದಕ್ಕೆ ಹಿಂದಿನ ದಶಕದಲ್ಲಿ ಇಂಥ ಬಾರುಗಳ ಮೇಲೆ ಪೊಲೀಸರ ದಾಳಿ ನಡೆಯುತ್ತಿತ್ತು. ಸಿಕ್ಕಿಬಿದ್ದವರ ಸುದ್ದಿ ಮಾಲಿಕನ ಕಿವಿಗೆ ಮುಟ್ಟಿದರೆ ನೌಕರಿಯ ಗತಿ ಏನು? ಕಾರಕೂನರಿಗೆ ಇದು ಬೇಗ ಅರ್ಥವಾಗುತ್ತದೆ. ಈ ಭಯದಿಂದಲೇ 1955ರಲ್ಲಿ ಅದೇ ನಗರದಲ್ಲಿ ಕೆಲವು ಹೆಂಗಸರು ‘ಡಾಟರ್ಸ್ ಆಫ್ ಬಿಲಿಟಿಸ್’ ಎಂಬ ಸಂಘ ಕಟ್ಟಿ, ಬಾರುಗಳನ್ನು ಬಿಟ್ಟು ಮನೆಗಳಲ್ಲಿ ಕೂಡತೊಡಗಿದರು. ದೊಡ್ಡ ಕೆಲಸವೇ ಸರಿ. ಆದರೆ ಅದರ ಕೇಂದ್ರ ಮಂಡಳಿ 1970ರಲ್ಲಿ ವಿಸರ್ಜನೆಯಾಯಿತು. ಮಾಡ್ಸ್ ಮುಂದೆಯೂ 19 ವರ್ಷ ನಡೆಯಿತು. ಸಂಘಕ್ಕೆ ವರ್ಗಣಿ ಬೇಕು, ಠರಾವು ಬೇಕು. ಬಾರಿಗೆ ದಿನಾಲು ಬಾಗಿಲು ತೆರೆದಿದ್ದರೆ ಸಾಕು. ನಮ್ಮ ಕಾರ್ಯದರ್ಶಿಗಳು ಕೋಪಿಸಿಕೊಳ್ಳಬಾರದು!

ಇನ್ನೊಂದು ವಿಚಿತ್ರ ಕೇಳಿ. ಅಂಗಡಿ ಹೆಂಗಸಿನದು, ಗಿರಾಕಿಗಳು ಹೆಂಗಸರು. ಆದರೆ ಕೌಂಟರಿನ ಹಿಂದೆ ನಿಂತು ಮದ್ಯ ಕೊಡುವ ಕೆಲಸಕ್ಕೆ ಹೆಂಗಸರನ್ನು ಸಂಬಳಕ್ಕೆ ಇಡುವಂತಿರಲಿಲ್ಲ. ಕ್ಯಾಲಿಫೋರ್ನಿಯಾದ ಕಾಯಿದೆ ಹಾಗಿತ್ತು. ರಿಕ್ಕಿಯವರು ತಾವೇ ನಿಲ್ಲಬೇಕು, ಇಲ್ಲವೆ ಗಂಡಸನ್ನು ಇಡಬೇಕು. ಹೆಂಗಸರ ಬಾರಿನಲ್ಲಿ ಗಂಡಸಿಗೆ ಮಾತ್ರ ಪಗಾರ! ಬೇರೆ ಬಾರಿನವರು ಹೂಡಿದ ದಾವೆಯಲ್ಲಿ, 1971ರಲ್ಲಿ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆಯನ್ನು ತೆಗೆದುಹಾಕಿತು. ಆ ಮೇಲೆ ಮಾಡ್ಸ್‌ನ ಕೌಂಟರಿನಲ್ಲೂ ಹೆಂಗಸರು ದುಡಿದು ಸಂಬಳ ಎಣಿಸಿದರು.

ಅಲ್ಲಿ ಬಿಲಿಯರ್ಡ್ಸ್‌ನಂಥ ಪೂಲ್ ಆಟ ಇತ್ತು, ಹೆಂಗಸರ ಸಾಫ್ಟ್‌ಬಾಲ್ ತಂಡ ಇತ್ತು. ಮನೆಯವರಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಗೆಳತಿಯರು ಸಿಗುತ್ತಿದ್ದರು. ಎಷ್ಟೋ ಜೋಡಿಗಳು ಮೊದಲು ಕಂಡದ್ದೂ ಅಲ್ಲೇ. ನನಗೆ ತೋರುವಂತೆ, ಮದ್ಯಕ್ಕಿಂತ ಇದರ ಸೆಳೆತವೇ ಹೆಚ್ಚು.

ಕಾಲ ಬದಲಾಯಿತು. ಕುಡಿತ ಬಿಟ್ಟವರು ಹೆಚ್ಚಾದರು. ತರುಣಿಯರಿಗೆ ಕೂಡಲು ಬೇರೆ ಜಾಗಗಳು ದೊರೆತವು. 1989ರಲ್ಲಿ, 23 ವರ್ಷ ನಡೆದ ಮೇಲೆ, ಮಾಡ್ಸ್ ಮುಚ್ಚಿತು. ಹಳೆಯ ಗಿರಾಕಿಗಳ ನೆನಪುಗಳನ್ನು ಕೂಡಿಸಿದ ಒಂದು ಸಾಕ್ಷ್ಯಚಿತ್ರ 1993ರಲ್ಲಿ ಹೊರಬಂತು. ರಿಕ್ಕಿಯವರು 1994ರಲ್ಲಿ ತೀರಿಕೊಂಡರು. ಆ ನಗರದ ಒಂದು ಸಾಫ್ಟ್‌ಬಾಲ್ ಮೈದಾನಕ್ಕೆ ಅವರ ಹೆಸರಿಟ್ಟಿದ್ದಾರೆ.