ಬೆಂಕಿಯ ಬೆಟ್ಟ, ಕೆಸರಿನ ಹೊಳೆ

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಜ್ವಾಲಾಮುಖಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆಟ್ಟದಿಂದ ಕೆಂಪಗೆ ಹರಿದು ಬರುವ ಲಾವಾರಸ. ಆದರೆ ಆ ಕೆಂಪು ಹೊಳೆ ಬಹುಮಟ್ಟಿಗೆ ಮನುಷ್ಯನ ನಡಿಗೆಗಿಂತ ನಿಧಾನ. ಅದರ ಬಾಯಿಗೆ ಮನೆ ಹೋದೀತು, ತೋಟ ಹೋದೀತು. ಕಾಲಲ್ಲಿ ಬಲವಿದ್ದವನ ಜೀವ ಸಾಮಾನ್ಯವಾಗಿ ಹೋಗುವುದಿಲ್ಲ. ಒಂದೇ ರಾತ್ರಿಯಲ್ಲಿ ಊರಿಗೆ ಊರನ್ನೇ ನುಂಗಿದ್ದು ಬೇರೆಯದು. ಈ ಸಂಜೆ ಅದರ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ನೀವು ಉತ್ತು ಬಿತ್ತಿದ ಕರಿ ಎರೆಭೂಮಿ, ಗೋಳಗುಮ್ಮಟದ ಕರಿಕಲ್ಲು, ಮುಂಬಯಿಗೆ ಬರುವಾಗ ರೈಲುಗಾಡಿ ಸುರಂಗ ಕೊರೆದು ದಾಟುವ ಖಂಡಾಲದ ಘಾಟು, ಇವೆಲ್ಲ ಒಂದು ಕಾಲಕ್ಕೆ ಲಾವಾರಸವೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಅದು ಉಕ್ಕಿ ಹರಿಯಿತು. ತೆಳುವಾದ ರಸವಾದ್ದರಿಂದ ದೂರದೂರಕ್ಕೆ ಹರಡಿ ತಟ್ಟೆಯಂತೆ ಆರಿತು, ಶಿಖರ ಕಟ್ಟಲಿಲ್ಲ.

ಜಪಾನಿನ ಫ್ಯೂಜಿ, ಜಾವಾದ ಮೆರಾಪಿ, ಫಿಲಿಪೈನ್ಸಿನ ಮಾಯೋನ್, ಈಕ್ವೆಡಾರಿನ ಕೊಟೊಪಾಕ್ಸಿ, ಇವುಗಳ ಬಗೆ ಹೀಗಲ್ಲ. ಕಣದಲ್ಲಿ ಹಾಕಿದ ಜೋಳದ ರಾಶಿಯಂತೆ ಇವು ಮೊನೆಯಾಗಿ ಎದ್ದು ನಿಂತಿವೆ. ಒಮ್ಮೆ ಬೂದಿ, ಒಮ್ಮೆ ಲಾವಾ, ಮತ್ತೆ ಬೂದಿ, ಹೀಗೆ ಪದರದ ಮೇಲೆ ಪದರ ಬಿದ್ದು ಬೆಳೆದ ಬೆಟ್ಟಗಳು. ಅದಕ್ಕೇ ಇವನ್ನು ಸ್ತರಜ್ವಾಲಾಮುಖಿ ಎನ್ನುವುದು. ನಮ್ಮ ದೇಶಕ್ಕೂ ಇಂಥದೊಂದು ಉಂಟು: ಅಂಡಮಾನಿನ ಬ್ಯಾರನ್ ದ್ವೀಪ. ಅದು 1991ರಲ್ಲಿ ಎಚ್ಚತ್ತು, ಆಮೇಲೂ ಹಲವು ಸಲ ಹೊಗೆ, ಬೂದಿ ಕಾರಿದೆ. ಅಲ್ಲಿ ಜನವಸತಿ ಇಲ್ಲದಿರುವುದು ಪುಣ್ಯ.

ಇವು ಸಿಡಿಯುವುದೇಕೆ? ಸಮುದ್ರದ ತಳದ ಶಿಲಾಫಲಕವು ಪಕ್ಕದ ಫಲಕದ ಅಡಿಗೆ ಜಾರುತ್ತ ಹೋಗುತ್ತದೆ. ಹೋಗುವಾಗ ತನ್ನೊಡನೆ ನೀರನ್ನೂ ಒಯ್ಯುತ್ತದೆ. ಆ ನೀರು ಆಳದ ಬಿಸಿಕಲ್ಲಿಗೆ ಸೇರಿತೆಂದರೆ ಕಲ್ಲು ಬೇಗ ಕರಗುತ್ತದೆ. ಹೀಗೆ ಹುಟ್ಟಿ ಮೇಲೇರುವ ರಸ ಅಂಟಂಟಾಗಿ, ಆವಿ ತುಂಬಿಕೊಂಡಿರುತ್ತದೆ. ಮನೆಯಲ್ಲಿ ಅಂಬಲಿ ಕಾಸಿದವರಿಗೆ ಇದು ಹೊಸದಲ್ಲ. ತೆಳುವಾಗಿದ್ದರೆ ತನ್ನ ಪಾಡಿಗೆ ಕುದಿಯುತ್ತದೆ. ಗಟ್ಟಿಯಾಯಿತೋ, ಗುಳ್ಳೆ ಸಿಡಿದು ಕೈ ಸುಡುತ್ತದೆ. ಬೆಟ್ಟದ ಗುಳ್ಳೆ ಸಿಡಿದಾಗ ಕಾದ ಬೂದಿಯೂ ಅನಿಲವೂ ಒಂದಾಗಿ ಇಳಿಜಾರಿನಲ್ಲಿ ರೈಲಿಗಿಂತ ವೇಗವಾಗಿ ಧುಮುಕುತ್ತವೆ. 1902ರ ಮೇ 8ರ ಬೆಳಿಗ್ಗೆ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪದಲ್ಲಿ ಸೇಂಟ್ ಪಿಯೆರ್ ಎಂಬ ಪಟ್ಟಣದ ಸುಮಾರು 28,000 ಜನ ಹೀಗೆ ಕೆಲವೇ ನಿಮಿಷಗಳಲ್ಲಿ ಸತ್ತರು.

ಆದರೆ ನಾನು ವಿಸ್ತಾರವಾಗಿ ಹೇಳಬೇಕೆಂದಿರುವುದು ಕೊಲಂಬಿಯಾ ದೇಶದ ಅರ್ಮೇರೊ ಪಟ್ಟಣದ ಕಥೆಯನ್ನು. ಅಲ್ಲಿ ಬೆಂಕಿ ಬರಲೇ ಇಲ್ಲ.

ನೆವಾಡೊ ದೆಲ್ ರೂಯಿಸ್ ಎಂಬುದು ಆಂಡೀಸ್ ಪರ್ವತಸಾಲಿನ, 5,300 ಮೀಟರಿಗೂ ಎತ್ತರದ, ನೆತ್ತಿಯ ಮೇಲೆ ಹಿಮ ಹೊತ್ತ ಜ್ವಾಲಾಮುಖಿ. ನದಿಯ ದಾರಿ ಹಿಡಿದು ಸುಮಾರು 70 ಕಿಲೋಮೀಟರ್ ಇಳಿದರೆ ಅರ್ಮೇರೊ. ಒಳ್ಳೆಯ ಹತ್ತಿಯ ಸೀಮೆ. ಹತ್ತಿಯ ಬಿಳುಪಿನಿಂದಲೇ ಅದಕ್ಕೆ ಬಿಳಿಯ ಪಟ್ಟಣವೆಂಬ ಹೆಸರೂ ಇತ್ತು. ನಮ್ಮ ಎರೆಯಲ್ಲಿ ಹತ್ತಿ ಬೆಳೆಯುವಂತೆ ಅಲ್ಲಿಯೂ ಜ್ವಾಲಾಮುಖಿ ಕೊಟ್ಟ ಮಣ್ಣಿನಲ್ಲೇ ಬೆಳೆ. ಆದರೆ ಆ ಮಣ್ಣು ಅಲ್ಲಿಗೆ ಬಂದ ಬಗೆಯನ್ನು ಜನ ಮರೆತಿದ್ದರು. 1845ರಲ್ಲಿ ಅದೇ ಬೆಟ್ಟದಿಂದ ಇಳಿದ ಕೆಸರಿನ ಪ್ರವಾಹ ತಂದು ಹಾಸಿದ ನೆಲದ ಮೇಲೆಯೇ ಪಟ್ಟಣ ಎದ್ದಿತ್ತು.

1985ರಲ್ಲಿ ಬೆಟ್ಟ ಮತ್ತೆ ಗೊಣಗುತ್ತಿತ್ತು. ಅಕ್ಟೋಬರದಲ್ಲಿ ಶಾಸ್ತ್ರಜ್ಞರು ನಕ್ಷೆ ಬರೆದು, ಕೆಸರು ಬಂದರೆ ಯಾವ ಯಾವ ಊರಿಗೆ ಕೇಡೆಂದು ತೋರಿಸಿದರು. ಅರ್ಮೇರೊ ಅದರಲ್ಲಿತ್ತು. ಸುಮ್ಮನೆ ಜನರನ್ನು ಬೆದರಿಸುತ್ತಾರೆ ಎಂದು ಪತ್ರಿಕೆಗಳಲ್ಲಿ ಟೀಕೆ ಬಂತು. ಅಧಿಕಾರಿಗಳ ಮನಸ್ಸಿನಲ್ಲಿ ಇನ್ನೊಂದು ಲೆಕ್ಕ: ಇಷ್ಟು ಜನರನ್ನು ಎಬ್ಬಿಸಿ ಕಳುಹಿಸಿ, ಆಮೇಲೆ ಬೆಟ್ಟ ಸುಮ್ಮನಾದರೆ? ಅಂಗಡಿ ಮುಚ್ಚಿದ್ದಕ್ಕೆ, ಕೂಲಿ ತಪ್ಪಿದ್ದಕ್ಕೆ ಉತ್ತರ ಹೇಳುವವರು ಯಾರು? ದಿನಗೂಲಿಯ ಬೆಲೆ ಬಲ್ಲ ನಾವು ಈ ಪ್ರಶ್ನೆಯನ್ನು ನಕ್ಕು ತಳ್ಳುವಂತಿಲ್ಲ.

ನವೆಂಬರ 13ರ ಮಧ್ಯಾಹ್ನ ಪಟ್ಟಣದ ಮೇಲೆ ಬೂದಿ ಉದುರಿತು. ಗಾಬರಿ ಬೇಡ, ಮನೆಯೊಳಗಿರಿ ಎಂಬರ್ಥದ ಮಾತು ರೇಡಿಯೋದಲ್ಲಿ ಬಂತು. ಸಂಜೆ ಮಳೆ ಹಿಡಿಯಿತು, ಜನ ಮಲಗಿದರು. ರಾತ್ರಿ 9 ಗಂಟೆ ದಾಟಿದ ಮೇಲೆ ಬೆಟ್ಟ ಸಿಡಿಯಿತು. ಜ್ವಾಲಾಮುಖಿಗಳ ಲೆಕ್ಕದಲ್ಲಿ ಅದು ಸಣ್ಣ ಸಿಡಿತವೇ. ಆದರೆ ಕಾದ ಬೂದಿ ಹಿಮದ ಮೇಲೆ ಬಿದ್ದು, ಹಿಮ ಕರಗಿ, ಆ ನೀರು ಕಣಿವೆಯ ಮಣ್ಣು, ಬಂಡೆ, ಮರಗಳನ್ನು ಬಾಚಿಕೊಳ್ಳುತ್ತ ಇಳಿಯಿತು, ಇಳಿದಷ್ಟೂ ಬೆಳೆಯಿತು. ಕಲಸಿದ ಸಿಮೆಂಟಿನಂಥ ಈ ಪ್ರವಾಹಕ್ಕೆ ಜಾವಾದ ಮಾತಿನಲ್ಲಿ ಲಾಹಾರ್ ಎಂದು ಹೆಸರು. ಅದು ಅರ್ಮೇರೊ ಮುಟ್ಟಿದ್ದು ಸುಮಾರು ಹನ್ನೊಂದೂವರೆಗೆ.

ಲೆಕ್ಕ ಹಾಕಿ ನೋಡಿ. ನಡುವೆ ಎರಡು ಗಂಟೆಗೂ ಮಿಕ್ಕ ಕಾಲ. ಪಕ್ಕದ ಎತ್ತರದ ನೆಲಕ್ಕೆ ಮುದುಕರೂ ನಡೆದು ಹೋಗಬಹುದಾಗಿತ್ತು. ಪಟ್ಟಣದ ಸುಮಾರು 29,000 ಜನರಲ್ಲಿ 20,000ಕ್ಕೂ ಹೆಚ್ಚು ಮಂದಿ ಸತ್ತರು.

ಈ ಸಾವಿನ ತರುವಾಯ ಶಾಸ್ತ್ರಜ್ಞರು ಒಂದು ಮಾತು ಮನಗಂಡರು: ಕಣ್ಣಿಂದ ಕಾಣದ್ದನ್ನು ನಕ್ಷೆಯ ಬಣ್ಣ ನೋಡಿ ಜನ ನಂಬುವುದಿಲ್ಲ. ಮೋರಿಸ್ ಕ್ರಾಫ್ಟ್, ಕಾತ್ಯಾ ಕ್ರಾಫ್ಟ್ ಎಂಬ ಫ್ರೆಂಚ್ ದಂಪತಿಗಳು ಜಗತ್ತಿನ ಜ್ವಾಲಾಮುಖಿಗಳ ಹತ್ತಿರ ಹೋಗಿ ಚಿತ್ರ ತೆಗೆದವರು. ಬೂದಿಯ ಪ್ರವಾಹ, ಲಾಹಾರ್ ಎಂದರೇನೆಂದು ಯಾರಿಗಾದರೂ ತಿಳಿಯುವಂಥ ಒಂದು ಚಿತ್ರವನ್ನು ಅವರು ಸಿದ್ಧಪಡಿಸಿದರು.

ಅದಕ್ಕೆ ಕೆಲಸ ಬೇಗ ಸಿಕ್ಕಿತು. 1991ರ ಏಪ್ರಿಲ್‌ನಲ್ಲಿ ಫಿಲಿಪೈನ್ಸಿನ ಪಿನಟೂಬೊ ಹೊಗೆಯಾಡತೊಡಗಿತು. ಸುಮಾರು 500 ವರ್ಷ ಮಲಗಿದ್ದ ಬೆಟ್ಟವದು. ಅದರ ಮೈಮೇಲೆ ಕಾಡಿನ ಏಟಾ ಜನ. ತಪ್ಪಲಲ್ಲಿ ಊರುಗಳು, ಅಮೆರಿಕದ ದೊಡ್ಡದೊಂದು ವಾಯುನೆಲೆ. ಫಿಲಿಪೈನ್ಸಿನ ಶಾಸ್ತ್ರಜ್ಞರೂ ಅಮೆರಿಕದವರೂ ಕೂಡಿ ನೆಲದ ನಡುಕವನ್ನು ಅಳೆದರು. ಐದು ಮೆಟ್ಟಿಲಿನ ಎಚ್ಚರಿಕೆ ಏರ್ಪಡಿಸಿದರು. ಅಧಿಕಾರಿಗಳಿಗೂ ಊರವರಿಗೂ ಆ ಚಿತ್ರವನ್ನು ತೋರಿಸಿದರು. ಅತ್ತ ಜಪಾನಿನ ಉನ್‌ಜೆನ್ ಬೆಟ್ಟದಲ್ಲಿ ಚಿತ್ರ ತೆಗೆಯುತ್ತಿದ್ದ ಕ್ರಾಫ್ಟ್ ದಂಪತಿಗಳು ಜೂನ್ 3ರಂದು ಅಂಥದೇ ಬೂದಿಯ ಪ್ರವಾಹಕ್ಕೆ ಸಿಕ್ಕಿ ಸತ್ತರು. ಅಂದು ಅಲ್ಲಿ ಅಳಿದವರು ಒಟ್ಟು 43 ಮಂದಿ.

ಜೂನ್ 9ರಂದು ಪಿನಟೂಬೊದ ಎಚ್ಚರಿಕೆ ಐದನೆಯ ಮೆಟ್ಟಿಲಿಗೇರಿತು. ಮರುದಿನ ವಾಯುನೆಲೆಯಿಂದ 14,000ಕ್ಕೂ ಹೆಚ್ಚು ಜನ ಹೊರಟರು. ಹಳ್ಳಿಗಳವರು ಹತ್ತಾರು ಸಾವಿರ. ಜೂನ್ 15ರಂದು ಬೆಟ್ಟ ಸಿಡಿದು ಬೂದಿಯ ಮೋಡ 30 ಕಿಲೋಮೀಟರಿಗೂ ಮೇಲೆ ಏರಿತು. ಆಕಾಶಕ್ಕೆ ಸೇರಿದ ಗಂಧಕದ ಅನಿಲದಿಂದ ಮುಂದೆ ಇಡೀ ಭೂಮಿಯೇ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಕನಿಷ್ಠ 5,000 ಜೀವ ಉಳಿಯಿತೆಂದು ಅಂದಾಜು.

ಎಲ್ಲರೂ ಉಳಿದರೆಂದಲ್ಲ. ಅದೇ ದಿನ ಚಂಡಮಾರುತವೂ ಬಂದು, ನೆಂದ ಬೂದಿಯ ಭಾರಕ್ಕೆ ಛಾವಣಿಗಳು ಕುಸಿದವು. ಆಮೇಲೆ ಆಶ್ರಯ ಶಿಬಿರಗಳಲ್ಲಿ ದಡಾರ ಎದ್ದು ಏಟಾ ಜನರ ಮಕ್ಕಳು ಬಹಳವಾಗಿ ತೀರಿಕೊಂಡವು. ಸತ್ತವರು ಎಲ್ಲ ಸೇರಿ ಸುಮಾರು 850. ಎಬ್ಬಿಸಿ ಕರೆತಂದ ಮೇಲೆ ಔಷಧ, ನೀರು, ಅನ್ನದ ವ್ಯವಸ್ಥೆಯೂ ಎಚ್ಚರಿಕೆಯ ಭಾಗವೇ ಎಂದು ನನ್ನ ಅಭಿಪ್ರಾಯ.

ಬೆಟ್ಟ ಸುಮ್ಮನಾದರೂ ಕೆಸರು ನಿಲ್ಲಲಿಲ್ಲ. ವರ್ಷವರ್ಷ ಮಳೆಗಾಲದಲ್ಲಿ ಆ ಬೂದಿ ಲಾಹಾರ್ ಆಗಿ ಇಳಿಯಿತು. 1995ರಲ್ಲಿ ಬಕೋಲೋರ್ ಎಂಬ ಊರು ಹೂತುಹೋಯಿತು. ಅಲ್ಲಿಯ ಹಳೆಯ ಇಗರ್ಜಿ ಅರ್ಧದವರೆಗೆ ನೆಲದೊಳಗಿದೆ. ಅಂದು ಕಿಟಕಿಗಳಾಗಿದ್ದವು ಇಂದು ಅದರ ಬಾಗಿಲು.