ಬೂಷ್ಟು ಹಿಡಿದ ಕಬ್ಬು, ಔಷಧದ ಪಂಪು ಮತ್ತು ಮಿದುಳಿನ ರೋಗಗಳು

(ಸಭಾಸದರ ಮೇಳಾವದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಪ್ರತಿ ಮೇಳಾವದಲ್ಲಿ ಬೀಜ, ಗೊಬ್ಬರ, ನೀರು, ಉತಾರಾ ಇವುಗಳ ಮಾತನ್ನೇ ಆಡುವ ನಾನು ಈ ಸಲ ಮಿದುಳಿನ ರೋಗಗಳ ವಿಷಯ ಆರಿಸಿಕೊಂಡದ್ದು ಕೆಲವರಿಗೆ ಆಶ್ಚರ್ಯವೆನಿಸಬಹುದು. ನಾನು ಡಾಕ್ಟರನಲ್ಲ, ಕೃಷಿ ಪದವೀಧರ. ಆದರೆ ಮಿದುಳಿನ ರೋಗಗಳಿಗೆ ಕಾರಣವೇನೆಂದು ಹುಡುಕುತ್ತ ಹೋದ ವಿಜ್ಞಾನಿಗಳು ಕಳೆದ ಐವತ್ತು ವರ್ಷಗಳಲ್ಲಿ ಎರಡು ಸಲ ರೈತನ ಹೊಲಕ್ಕೇ ಬಂದು ನಿಂತಿದ್ದಾರೆ. ಒಮ್ಮೆ ಕಬ್ಬಿನ ಗಣಿಕೆಯ ಹತ್ತಿರ, ಇನ್ನೊಮ್ಮೆ ಔಷಧ ಹೊಡೆಯುವ ಪಂಪಿನ ಹತ್ತಿರ. ಆದ್ದರಿಂದ ಈ ಸಂಶೋಧನೆಯ ಸಾರಾಂಶವನ್ನು ನಿಮ್ಮ ಮುಂದೆ ಇಡುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಚೀನಾದ ಕಬ್ಬಿನ ಕಥೆ

ಚೀನಾ ದೇಶದಲ್ಲಿ ಕಬ್ಬು ಬೆಳೆಯುವುದು ದಕ್ಷಿಣ ಭಾಗದಲ್ಲಿ. ಉತ್ತರದ ಚಳಿ ಪ್ರದೇಶಕ್ಕೆ ತಿನ್ನುವ ಕಬ್ಬನ್ನು ಅಲ್ಲಿಂದಲೇ ಸಾಗಿಸುತ್ತಾರೆ. ಹೀಗೆ ಹೋದ ಕಬ್ಬು ಚಳಿಗಾಲವಿಡೀ ಗೋದಾಮಿನಲ್ಲಿ ಬಿದ್ದು, ಫೆಬ್ರುವರಿ-ಮಾರ್ಚ್ ಹೊತ್ತಿಗೆ ಪೇಟೆಗೆ ಬರುತ್ತಿತ್ತು. ೧೯೭೨ರಿಂದ ಮುಂದೆ ಅಲ್ಲಿ ಒಂದು ವಿಚಿತ್ರ ರೋಗ ಕಾಣಿಸಿಕೊಂಡಿತು. ಕಬ್ಬು ತಿಂದ ಕೆಲವು ತಾಸುಗಳಲ್ಲೇ ವಾಂತಿ, ಹೊಟ್ಟೆನೋವು, ತಲೆಸುತ್ತು. ಜೋರಾದರೆ ಸೆಳವು, ಎಚ್ಚರ ತಪ್ಪುವುದು. ಹೆಚ್ಚಾಗಿ ಇದಕ್ಕೆ ಸಿಕ್ಕವರು ಮಕ್ಕಳು. ೧೯೭೨ರಿಂದ ೧೯೮೯ರವರೆಗೆ ಇಂಥ ಇನ್ನೂರಕ್ಕೂ ಹೆಚ್ಚು ಘಟನೆಗಳು ದಾಖಲಾದವು. ಎಂಟುನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ೮೮ ಜನ ಸತ್ತರು.

ಬದುಕಿ ಉಳಿದವರ ಪಾಡು ಇನ್ನೂ ಕರುಣಾಜನಕ. ಎಚ್ಚರ ಬಂತು, ಹುಡುಗ ಉಳಿದ ಎಂದು ತಾಯಿ-ತಂದೆ ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ, ಕೆಲವು ಮಕ್ಕಳಿಗೆ ಎರಡು ವಾರದಿಂದ ಎರಡು ತಿಂಗಳೊಳಗೆ ಕೈಕಾಲು ತಿರುಚಿಕೊಳ್ಳತೊಡಗಿದವು. ಮುಖ ಸೊಟ್ಟಗಾಗುವುದು, ಮಾತು ನಿಲ್ಲುವುದು, ಕುಳಿತಲ್ಲಿ ಮೈ ಹುರಿಗೊಳ್ಳುವುದು. ಇದು ಮುಂದೆ ವಾಸಿಯಾಗದ ಊನವಾಗಿ ಉಳಿಯಿತು. ಅವರ ತಲೆಯನ್ನು ಸ್ಕ್ಯಾನ್ ಮಾಡಿ ನೋಡಿದಾಗ ಮಿದುಳಿನ ಎರಡೂ ಬದಿಗೆ, ಒಳಗಡೆ ಒಂದೇ ಜಾಗದಲ್ಲಿ ಹಾನಿಯಾದದ್ದು ಕಂಡಿತು. ನಮ್ಮ ಚಲನವಲನವನ್ನು ಹತೋಟಿಯಲ್ಲಿಡುವ ಜಾಗವದು.

ಚೀನಾದ ಸಂಶೋಧಕರು ೧೯೮೦ರ ದಶಕದಲ್ಲಿ ಈ ಕಬ್ಬನ್ನು ಪರೀಕ್ಷಿಸಿ, ಅದರಲ್ಲಿ ಆರ್ತ್ರಿನಿಯಂ ಎಂಬ ಜಾತಿಯ ಬೂಷ್ಟು ಬೆಳೆದಿರುವುದನ್ನು ಕಂಡುಹಿಡಿದರು. ಆ ಬೂಷ್ಟು ೩-ನೈಟ್ರೋಪ್ರೊಪಿಯಾನಿಕ್ ಆಮ್ಲವೆಂಬ ವಿಷವನ್ನು ತಯಾರಿಸುತ್ತದೆ. ನಮ್ಮ ಹೊಲದ ಕೆಂಪು ಕೊಳೆ ರೋಗದ ಶಿಲೀಂಧ್ರ ಬೇರೆ, ಇದು ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು.

ಬಾಯ್ಲರ್ ನಿಂತರೆ

ಈ ವಿಷ ಏನು ಮಾಡುತ್ತದೆ? ನಮ್ಮ ಕಾರ್ಖಾನೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಬಗ್ಯಾಸ ಉರಿದು ಬಾಯ್ಲರಿನಲ್ಲಿ ಉಗಿ ಹುಟ್ಟಿದರೆ ಮಾತ್ರ ಗಾಣ ತಿರುಗುತ್ತದೆ, ದೀಪ ಉರಿಯುತ್ತದೆ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇಂಥ ಸಣ್ಣ ಸಣ್ಣ ಬಾಯ್ಲರುಗಳಿವೆ. ವಿಜ್ಞಾನಿಗಳು ಅವನ್ನು ಮೈಟೊಕಾಂಡ್ರಿಯಾ ಎನ್ನುತ್ತಾರೆ. ನಾವು ತಿಂದ ಅನ್ನ-ರೊಟ್ಟಿಯಿಂದ ಶಕ್ತಿ ತೆಗೆಯುವುದು ಅವುಗಳ ಕೆಲಸ. ಬೂಷ್ಟಿನ ವಿಷ ಈ ಬಾಯ್ಲರಿನ ಒಂದು ಮುಖ್ಯ ಭಾಗಕ್ಕೆ ಅಂಟಿಕೊಂಡು ಅದನ್ನು ಕಾಯಂ ಕೆಡಿಸಿಬಿಡುತ್ತದೆ. ಉಗಿ ಕಡಿಮೆಯಾದಾಗ ಹೆಚ್ಚು ಉಗಿ ಬೇಡುವ ಯಂತ್ರವೇ ಮೊದಲು ನಿಲ್ಲುವಂತೆ, ಮಿದುಳಿನ ಈ ಭಾಗ ಮೊದಲು ಸಾಯುತ್ತದೆ.

ಇದೇ ಜಾಗ ನಾಶವಾಗುವ ಒಂದು ಆನುವಂಶಿಕ ರೋಗವಿದೆ, ಹಂಟಿಂಗ್‌ಟನ್ ರೋಗ. ತಾಯಿ ಅಥವಾ ತಂದೆಗೆ ಅದು ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅದರ ವಂಶವಾಹಿಯನ್ನು ೧೯೯೩ರಲ್ಲಿ ಗುರುತಿಸಿದರು. ಕಬ್ಬಿನ ಬೂಷ್ಟಿನ ಅದೇ ವಿಷವನ್ನು ಇಲಿಗಳಿಗೆ ಕೊಟ್ಟರೆ ಹಂಟಿಂಗ್‌ಟನ್ ರೋಗದಂಥ ಹಾನಿಯಾಗುತ್ತದೆಂದು ಕಂಡುಬಂದದ್ದರಿಂದ, ಹೊಸ ಔಷಧಗಳನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಇಂದಿಗೂ ಅದನ್ನು ಬಳಸುತ್ತಾರೆ. ಮಕ್ಕಳನ್ನು ಕೊಂದ ವಿಷವೇ ಔಷಧ ಹುಡುಕುವವರ ಕೈಗೆ ಸಾಧನವಾಯಿತು.

ಈ ವಿಷಕ್ಕೆ ಪ್ರತಿವಿಷವಿಲ್ಲ. ತಡೆಯುವುದೊಂದೇ ಉಪಾಯ. ನಮ್ಮಲ್ಲಿ ತಿನ್ನುವ ಕಬ್ಬು ಸಾಮಾನ್ಯವಾಗಿ ಹೊಲದಿಂದ ನೇರ ಬಾಯಿಗೆ ಬರುತ್ತದೆ. ಅದೇ ನಮಗೆ ದೊಡ್ಡ ರಕ್ಷಣೆ. ಆದರೆ ದೀಪಾವಳಿಯ ಪೂಜೆಗೆ ಕಟ್ಟಿದ ಕಬ್ಬು, ಸಂಕ್ರಾಂತಿಗೆ ತಂದ ಕಬ್ಬು ಮೂಲೆಯಲ್ಲಿ ವಾರಗಟ್ಟಲೆ ಬಿದ್ದಿದ್ದರೆ ಅದನ್ನು ಮಕ್ಕಳಿಗೆ ಕೊಡಬೇಡಿ. ಸೀಳಿ ನೋಡಿ. ಒಳಗಿನ ತಿರುಳು ಕಂದಿದ್ದರೆ, ಹುಳಿ ವಾಸನೆ ಬಂದರೆ, ತುದಿಯಲ್ಲಿ ಬೂಷ್ಟಿದ್ದರೆ ಪೂರ್ತಿ ಗಣಿಕೆಯನ್ನು ತಿಪ್ಪೆಗೆ ಎಸೆಯಿರಿ. ಕೆಟ್ಟ ತುದಿ ಕಡಿದು ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ.

ಪಂಪಿನ ಹತ್ತಿರ

ಈಗ ಎರಡನೆಯ ವಿಷಯ. ಕೈ ನಡುಗುವ ಹಿರಿಯರನ್ನು ನೀವೆಲ್ಲ ಊರಲ್ಲಿ ನೋಡಿದ್ದೀರಿ. ವಯಸ್ಸಾಯಿತು, ವಾಯು ಆಗಿದೆ ಎಂದು ಬಿಟ್ಟುಬಿಡುತ್ತೇವೆ. ಅವರಲ್ಲಿ ಕೆಲವರಿಗೆ ಇರುವುದು ಪಾರ್ಕಿನ್ಸನ್ ರೋಗ. ಜೇಮ್ಸ್ ಪಾರ್ಕಿನ್ಸನ್ ಎಂಬ ಇಂಗ್ಲಿಷ್ ವೈದ್ಯ ೧೮೧೭ರಲ್ಲಿ ಇದನ್ನು ವರ್ಣಿಸಿದ. ನಮ್ಮ ಆಯುರ್ವೇದದಲ್ಲಿ ಕಂಪವಾತವೆಂಬ ಹೆಸರಿದೆ. ಮಿದುಳಿನ ಬುಡದಲ್ಲಿ ಡೋಪಮೈನ್ ಎಂಬ ರಸವನ್ನು ತಯಾರಿಸುವ ಕೋಶಗಳು ಒಂದೊಂದಾಗಿ ಸಾಯುವುದೇ ಈ ರೋಗ.

ಅವು ಏಕೆ ಸಾಯುತ್ತವೆ ಎಂಬುದಕ್ಕೆ ಮೊದಲ ಸುಳಿವು ಸಿಕ್ಕಿದ್ದು ೧೯೮೨ರಲ್ಲಿ, ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ. ಕಳ್ಳತನದಿಂದ ತಯಾರಿಸಿದ ಮಾದಕದ್ರವ್ಯ ಚುಚ್ಚಿಕೊಂಡ ಕೆಲವು ತರುಣರು ಕೆಲವೇ ದಿನಗಳಲ್ಲಿ ಮುದುಕರಂತೆ ಮರಗಟ್ಟಿ ಕುಳಿತರು. ಡಾಕ್ಟರ್ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಅವರ ಸಂಗಡಿಗರು ತನಿಖೆ ಮಾಡಿದಾಗ, ಆ ದ್ರವ್ಯದಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇತ್ತು. ಅದು ದೇಹದೊಳಗೆ ಮಾರ್ಪಾಟಾಗಿ, ಡೋಪಮೈನ್ ಕೋಶಗಳ ಬಾಯ್ಲರನ್ನೇ ನಿಲ್ಲಿಸುತ್ತದೆ. ಕಬ್ಬಿನ ಬೂಷ್ಟು ಕೆಡಿಸಿದ್ದೂ ಬಾಯ್ಲರನ್ನೇ ಎಂಬುದನ್ನು ಗಮನಿಸಿ; ಕೆಟ್ಟ ಭಾಗ ಬೇರೆ, ಸತ್ತ ಜಾಗ ಬೇರೆ, ಅಷ್ಟೇ.

ಹೀಗೆ ಮಾರ್ಪಾಟಾದ ಪದಾರ್ಥದ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಯನ್ನು ಹೋಲುತ್ತಿತ್ತು. ಆಗ ಜಗತ್ತಿನ ದೃಷ್ಟಿ ಹೊಲದ ಕಡೆಗೆ ತಿರುಗಿತು. ೨೦೦೦ದಲ್ಲಿ ರೊಟೆನೋನ್ ಎಂಬ ಕೀಟನಾಶಕ ಇಲಿಗಳಲ್ಲಿ ಪಾರ್ಕಿನ್ಸನ್‌ದಂಥ ಲಕ್ಷಣಗಳನ್ನು ಹುಟ್ಟಿಸಿತು. ಅದು ಬೇರಿನಿಂದ ತೆಗೆದ ಗಿಡಮೂಲದ ವಿಷ. ಗಿಡದ್ದೆಂದ ಮಾತ್ರಕ್ಕೆ ನಿರುಪದ್ರವಿಯಲ್ಲ. ಅಮೇರಿಕದ ಅಯೋವಾ ಮತ್ತು ಉತ್ತರ ಕೆರೋಲಿನಾ ರಾಜ್ಯಗಳ ಔಷಧ ಸಿಂಪಡಿಸುವವರನ್ನು ಹಲವು ವರ್ಷ ಅಭ್ಯಸಿಸಿ ೨೦೧೧ರಲ್ಲಿ ವರದಿ ಪ್ರಕಟಿಸಿದರು. ಪ್ಯಾರಾಕ್ವಾಟ್ ಅಥವಾ ರೊಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ರೋಗದ ಸಂಭವ ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು.

ಇದರ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಔಷಧ ಹೊಡೆದವರಿಗೆಲ್ಲ ಈ ರೋಗ ಬರುತ್ತದೆಂದಲ್ಲ; ಹೊಡೆಯದವರಿಗೆ ಬರುವುದಿಲ್ಲವೆಂದೂ ಅಲ್ಲ. ವಯಸ್ಸು, ವಂಶ, ಸುತ್ತಲಿನ ವಾತಾವರಣ ಎಲ್ಲ ಕೂಡಿ ರೋಗವಾಗುತ್ತದೆ. ಆದರೆ ವಯಸ್ಸನ್ನೂ ವಂಶವನ್ನೂ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಪಂಪು ನಮ್ಮ ಕೈಯಲ್ಲಿದೆ.

ಅದೇ ಜನರ ಅಭ್ಯಾಸದಿಂದ ೨೦೧೫ರಲ್ಲಿ ಇನ್ನೊಂದು ಸಂಗತಿ ಹೊರಬಂತು. ಪ್ಯಾರಾಕ್ವಾಟ್‌ಗೂ ಈ ರೋಗಕ್ಕೂ ಇದ್ದ ಸಂಬಂಧ ಕೈಚೀಲ ಹಾಕದವರಲ್ಲಿ ಎದ್ದು ಕಂಡಿತು. ಹೆಚ್ಚಾಗಿ ಕೈಚೀಲ ಹಾಕಿಕೊಂಡೇ ಕೆಲಸ ಮಾಡುವವರಲ್ಲಿ ಕಾಣಲಿಲ್ಲ. ಒಂದು ಜೊತೆ ರಬ್ಬರ್ ಕೈಚೀಲದ ಬೆಲೆ ಎಷ್ಟು, ಒಬ್ಬ ಮನುಷ್ಯನ ಕೈಯ ಬೆಲೆ ಎಷ್ಟು, ನೀವೇ ಲೆಕ್ಕ ಹಾಕಿರಿ.

ಹೊಲದಲ್ಲಿ ಪಾಲಿಸಬೇಕಾದದ್ದು

ಸ್ವಿಟ್ಜರ್ಲೆಂಡ್ ೧೯೮೯ರಲ್ಲಿ, ಯುರೋಪಿನ ಒಕ್ಕೂಟ ೨೦೦೭ರಲ್ಲಿ ಪ್ಯಾರಾಕ್ವಾಟನ್ನು ನಿಷೇಧಿಸಿದವು. ಅದರ ಒಂದೆರಡು ಗುಟುಕು ಹೊಟ್ಟೆಗೆ ಹೋದರೂ ಪ್ರಾಣ ಉಳಿಯುವುದು ಕಷ್ಟ, ಅದಕ್ಕೂ ಪ್ರತಿವಿಷವಿಲ್ಲ. ಕಳೆನಾಶಕವೇ ಬೇಡವೆಂದು ಹೇಳಲು ನಾನು ನಿಂತಿಲ್ಲ. ಆಳು ಸಿಗದ ಕಾಲದಲ್ಲಿ ನಿಮ್ಮ ಅಡಚಣೆ ನನಗೆ ಗೊತ್ತಿದೆ. ಆದರೆ ಈ ಕೆಲವು ಮಾತುಗಳನ್ನು ನಡೆಸಿಕೊಡಿರಿ.

ಒಂದು, ಡಬ್ಬಿಯ ಚೀಟಿಯ ಮೇಲೆ ಕಬ್ಬಿನ ಬೆಳೆಗೆ ಎಂದು ಬರೆದಿರದ ಔಷಧವನ್ನು ಅಂಗಡಿಯವನ ಮಾತಿಗೆ ತರಬೇಡಿ.

ಎರಡು, ಹೆಚ್ಚು ಅಪಾಯವಿರುವುದು ಗಟ್ಟಿ ಔಷಧವನ್ನು ನೀರಿಗೆ ಬೆರೆಸುವಾಗ. ಬೆರೆಸಲು ಕೋಲು ಇರಲಿ, ಕೈಗೆ ರಬ್ಬರ್ ಕೈಚೀಲವಿರಲಿ.

ಮೂರು, ಸೋರುವ ಪಂಪನ್ನು ಬೆನ್ನಿಗೆ ಕಟ್ಟಬೇಡಿ. ಒದ್ದೆಯಾದ ಅಂಗಿಯಲ್ಲಿ ದಿನವಿಡೀ ದುಡಿದರೆ ಔಷಧ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಗಾಳಿಗೆ ಎದುರಾಗಿ ಹೊಡೆಯಬೇಡಿ.

ನಾಲ್ಕು, ಸಾಬೂನಿನಿಂದ ಕೈ ತೊಳೆಯದೆ ಎಲೆ-ಅಡಿಕೆ, ತಂಬಾಕು, ಬೀಡಿ ಮುಟ್ಟಬೇಡಿ. ಔಷಧದ ಅಂಗಿಯನ್ನು ಮನೆಯ ಬಟ್ಟೆಯ ಜೊತೆ ನೆನೆಹಾಕಬೇಡಿ.

ಐದು, ಉಳಿದ ಔಷಧವನ್ನು ನೀರಿನ ಬಾಟಲಿಗೆ ಹಾಕಿಡಬೇಡಿ. ಖಾಲಿ ಡಬ್ಬಿಗೆ ತೂತು ಹೊಡೆಯಿರಿ; ಅದು ನೀರು ತರಲು ಮನೆಗೆ ಹೋಗಬಾರದು.

ಆರು, ಕೂಳೆ ಕಬ್ಬಿನಲ್ಲಿ ರವದಿ ಸುಡದೆ ಸಾಲಿನ ನಡುವೆ ಹಾಸಿರಿ. ಕಳೆ ಕಡಿಮೆ, ತೇವ ಹೆಚ್ಚು, ಪಂಪು ಹೊರುವ ದಿನಗಳೂ ಕಡಿಮೆ.

ಇನ್ನೊಂದು ಮಾತು. ನಮ್ಮಲ್ಲಿ ಪಂಪು ಹೊರುವವನು ಹೆಚ್ಚಾಗಿ ಹೊಲದ ಒಡೆಯನಲ್ಲ, ಕೂಲಿಯವನು. ಕೈಚೀಲ ಕೊಳ್ಳುವ ಶಕ್ತಿ ಅವನಿಗಿಲ್ಲ, ಕೇಳುವ ಧೈರ್ಯವೂ ಇಲ್ಲ. ಕೂಲಿಯ ಜೊತೆ ಕೈಚೀಲವನ್ನೂ ಸಾಬೂನನ್ನೂ ಕೊಡುವುದು ಉಪಕಾರವಲ್ಲ, ನಮ್ಮ ಹೊಣೆ.

ಚಿಕಿತ್ಸೆ ಇದೆ

ಕೊನೆಯದಾಗಿ ಆಶೆಯ ಮಾತು. ೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧಿ ಬೇರಿನಲ್ಲಿರುವ ಪದಾರ್ಥ. ಮೊಲಗಳು ಅಲುಗಾಡದೆ ಬಿದ್ದುಕೊಂಡವು. ಲೆವೊಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಈ ಮಾರ್ಗದ ಶೋಧನೆಗಾಗಿ ಅವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನ ಬಂತು. ೧೯೬೦ರ ದಶಕದಿಂದ ಲೆವೊಡೋಪಾ ಪಾರ್ಕಿನ್ಸನ್ ರೋಗದ ಮುಖ್ಯ ಔಷಧವಾಗಿದೆ. ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ೧೯೩೭ರಲ್ಲೇ ಭಾರತದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಹಾಗೆಂದು ಯಾರೂ ಬೀಜ ಕುಟ್ಟಿ ತಿನ್ನಬಾರದು. ಅಳತೆ ತಪ್ಪಿದರೆ ವಾಂತಿ, ತಲೆಸುತ್ತು, ಮನಸ್ಸಿನ ಭ್ರಮೆ ಆಗುತ್ತವೆ.

ಲೆವೊಡೋಪಾ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಸತ್ತ ಕೋಶ ತಿರುಗಿ ಹುಟ್ಟುವುದಿಲ್ಲ. ಆದರೆ ತುತ್ತು ಎತ್ತಲಾಗದವನು ಕೈಯಾರೆ ಉಣ್ಣುವಂತಾಗುತ್ತದೆ. ವರ್ಷಗಳು ಕಳೆದು ಔಷಧದ ಪರಿಣಾಮ ಏರುಪೇರಾದಾಗ, ಮಿದುಳಿನೊಳಗೆ ಸಣ್ಣ ತಂತಿ ಇಟ್ಟು ವಿದ್ಯುತ್ತಿನಿಂದ ನಡುಕ ತಗ್ಗಿಸುವ ಚಿಕಿತ್ಸೆಯೂ ಇದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ೧೯೮೭ರಲ್ಲಿ ಆರಂಭವಾದ ಈ ವಿಧಾನ ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ದೊರೆಯುತ್ತದೆ.

ಆದ್ದರಿಂದ ಮನೆಯ ಹಿರಿಯರಲ್ಲಿ ಸುಮ್ಮನೆ ಕುಳಿತಾಗ ಒಂದೇ ಕೈ ನಡುಗುವುದು, ನಡೆಯುವಾಗ ಒಂದು ತೋಳು ಬೀಸದಿರುವುದು, ಹೆಜ್ಜೆ ಸಣ್ಣದಾಗುವುದು, ಸಹಿ ಚಿಕ್ಕದಾಗುತ್ತ ಹೋಗುವುದು, ವಾಸನೆ ತಿಳಿಯದಿರುವುದು ಕಂಡರೆ, ವಯಸ್ಸಾಯಿತೆಂದು ಕೈಚೆಲ್ಲಬೇಡಿ. ನರರೋಗ ತಜ್ಞರಿಗೆ ತೋರಿಸಿರಿ. ಎಷ್ಟು ವರ್ಷ ಯಾವ ಔಷಧ ಹೊಡೆದಿದ್ದೀರೆಂಬುದನ್ನೂ ಅವರಿಗೆ ಹೇಳಿರಿ.

ಬರುವ ಹಂಗಾಮಿನಲ್ಲಿ ನಾನು ನಿಮ್ಮ ತೋಟಕ್ಕೆ ಬಂದಾಗ ಕಬ್ಬಿನ ಕಣ್ಣು, ಎಲೆಯ ಬಣ್ಣ ನೋಡುವ ಮೊದಲು ಔಷಧ ಹೊಡೆಯುವವನ ಕೈ ನೋಡುತ್ತೇನೆ. ಆ ಕೈಗೆ ಚೀಲವಿರಲಿ ಎಂದು ವಿನಂತಿಸುತ್ತೇನೆ.